ಯಾದಗಿರಿಯಲ್ಲಿ ಬಡವರು ಎಷ್ಟು ಅಂತ ಎಣಿಸೋ ಮುಂಚೆ

ಕರ್ನಾಟಕದಲ್ಲಿ ಬಡವರು ಈಗ ಶೇ 7.58 ಅಷ್ಟೇ ಅಂತ ಒಂದು ಅಂಕಿ ಪದೇ ಪದೇ ಕಣ್ಣಿಗೆ ಬೀಳ್ತಾ ಇರತ್ತೆ. ನೀತಿ ಆಯೋಗ 2023ರಲ್ಲಿ ಕೊಟ್ಟ ಬಹು ಆಯಾಮದ ಬಡತನ ಸೂಚ್ಯಂಕದ್ದು ಇದು, 2015-16ರಲ್ಲಿ ಶೇ 12.77 ಇದ್ದಿದ್ದು 2019-21ಕ್ಕೆ 7.58ಕ್ಕೆ ಇಳೀತು ಅಂತ. ಈ ಅಂಕಿ ಸುಳ್ಳು ಅಂತ ನಾನು ಹೇಳ್ತಿಲ್ಲ, ಇಳಿದಿರೋದು ನಿಜ, ಅದು ಸಣ್ಣ ಸಾಧನೆನೂ ಅಲ್ಲ. ಆದರೆ ಇದನ್ನ ಇಟ್ಕೊಂಡು "ಬಡತನ ಹೋಯ್ತು, ಇನ್ನೂ ಯಾಕೆ ಅಕ್ಕಿ, ಯಾಕೆ ಎರಡು ಸಾವಿರ" ಅಂತ ಬರೀತಾರಲ್ಲ, ಅವರಿಗೆ ಸ್ವಲ್ಪ ಉದ್ದಕ್ಕೇ ಉತ್ತರ ಬರೀಬೇಕು ಅನ್ನಿಸ್ತು. ನಾನು ಯಾದಗಿರಿ ಕಡೆಯವನು, ಹಳ್ಳಿ ಸರ್ವೆ ಕೆಲಸದಲ್ಲಿ ಸುಮಾರು ವರ್ಷ ಓಡಾಡಿದೀನಿ, ಹಾಗಾಗಿ ನಮ್ಮ ಜಿಲ್ಲೆ ಇಟ್ಕೊಂಡೇ ಮಾತಾಡ್ತೀನಿ.

ಮೊದಲು ಒಂದು ವಿಷಯ. 2019-21 ಅಂತ ಬರೆದಿರೋ ಈ ಅಂಕಿಗೆ ಆಧಾರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು. ಅದು ಎರಡು ಹಂತದಲ್ಲಿ ನಡೀತು, ಕರ್ನಾಟಕ ಮೊದಲ ಹಂತದಲ್ಲಿತ್ತು, ಅಂದ್ರೆ ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಹೋಗಿ ಕೇಳಿದ್ದು 2019ರಲ್ಲಿ, ಕೊರೊನಾ ಬರೋ ಮುಂಚೆ. 2020ರ ಲಾಕ್‌ಡೌನಲ್ಲಿ ಬೆಂಗಳೂರಿಂದ ಮುಂಬೈಯಿಂದ ಜನ ಗಂಟುಮೂಟೆ ಹೊತ್ಕೊಂಡು ವಾಪಸ್ ಬಂದ್ರಲ್ಲ, ಕೆಲಸ ಹೋಯ್ತಲ್ಲ, ಮೈಮೇಲಿದ್ದ ಬಂಗಾರ ಅಡವಿಟ್ರಲ್ಲ, ಅದ್ಯಾವುದೂ ಈ 7.58ರಲ್ಲಿ ಇಲ್ಲ. ಇನ್ನೊಂದು, ಆ ಸಮೀಕ್ಷೆ ಇಲ್ಲಿ ನಡೆದದ್ದು ಹೆಚ್ಚುಕಮ್ಮಿ ಮಳೆಗಾಲದಿಂದ ಸುಗ್ಗಿ ಶುರುವಾಗೋವರೆಗೆ. ನಮ್ಮ ಕಡೆ ಅದು ಊರಲ್ಲಿ ಕಳೆ ತೆಗೆಯೋದು, ಹತ್ತಿ ಬಿಡಿಸೋದು ಅಂತ ಕೈಗೆ ಕೆಲಸ ಇರೋ ಕಾಲ. ತೊಗರಿ ರಾಶಿ ಆಗಿ ಹೋದಮೇಲೆ ಜನವರಿ ಫೆಬ್ರವರಿಯಲ್ಲಿ ಬಂದು ನೋಡಿ, ಒಂದು ಓಣಿಗೆ ಓಣಿನೇ ಬೀಗ ಹಾಕಿರತ್ತೆ, ಮನೆ ಮುಂದೆ ಮುದುಕರು ಕೂತಿರ್ತಾರೆ. ಎಲ್ಲಿ ಹೋಗ್ಯಾರ ಅಂದ್ರೆ "ಗುಳೆ ಹೋಗ್ಯಾರ್ರಿ, ಉಗಾದಿಗೆ ಬರ್ತಾರ" ಅಂತಾರೆ. ದುಡಿಮೆಗೆ ಕೆಲವು ತಿಂಗಳು ಊರು ಬಿಟ್ಟು ಹೋಗೋದಕ್ಕೆ ನಮ್ಮ ಕಡೆ ಗುಳೆ ಅಂತಾರೆ. ಬೀಗ ಹಾಕಿರೋ ಮನೆಗೆ ಪ್ರಶ್ನೆ ಕೇಳೋಕೆ ಆಗಲ್ಲ. ಅವರು ಇರೋ ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೂ ಸರ್ವೆಯವರು ಹೋಗೋದು ಅಪರೂಪ.

ಈ ಸೂಚ್ಯಂಕ ಏನನ್ನ ಅಳೆಯತ್ತೆ ಅಂತ ನೋಡಿ. ಹನ್ನೆರಡು ವಿಷಯ ಇವೆ, ಪೌಷ್ಟಿಕತೆ, ಮಕ್ಕಳ ಸಾವು, ಬಾಣಂತಿ ಆರೈಕೆ, ಎಷ್ಟು ವರ್ಷ ಓದಿದಾರೆ, ಮಕ್ಕಳು ಶಾಲೆಗೆ ಹೋಗ್ತಾರಾ, ಅಡುಗೆ ಗ್ಯಾಸ್, ಶೌಚಾಲಯ, ನೀರು, ಕರೆಂಟು, ಮನೆ, ಆಸ್ತಿ, ಬ್ಯಾಂಕ್ ಅಕೌಂಟು. ಇವೆಲ್ಲಾ ಬೇಕಾದ್ದೇ. ಆದರೆ ಇದರಲ್ಲಿ ಆದಾಯ ಇಲ್ಲ, ಸಾಲ ಇಲ್ಲ, ಕೆಲಸ ಎಷ್ಟು ತಿಂಗಳು ಸಿಗತ್ತೆ ಅನ್ನೋದು ಇಲ್ಲ. ಆಸ್ತಿ ಅಂದ್ರೆ ಏನು ಗೊತ್ತಾ, ರೇಡಿಯೋ, ಟಿವಿ, ಫೋನು, ಸೈಕಲ್, ಬೈಕು, ಎತ್ತಿನ ಗಾಡಿ, ಫ್ರಿಜ್ ಇಂಥವುಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ರೆ ಆ ಲೆಕ್ಕದಲ್ಲಿ ಕೊರತೆ ಇಲ್ಲ ಅಂತ. ಒಂದು ಫೋನು, ಕಂತಿನ ಮೇಲೆ ತಗೊಂಡ ಒಂದು ಬೈಕು ಇದ್ರೆ ಆಯ್ತು. ಆ ಬೈಕಿನ ಕಂತು ಕಟ್ಟೋಕೇ ಗಂಡ ಹೆಂಡತಿ ಇಬ್ಬರೂ ಗುಳೆ ಹೋಗಿರ್ತಾರೆ. ಬ್ಯಾಂಕ್ ಅಕೌಂಟ್ ಜನಧನದಿಂದ ಎಲ್ಲರಿಗೂ ಬಂತು, ಗ್ಯಾಸ್ ಉಜ್ವಲದಿಂದ ಬಂತು, ಹಾಗೆ ಬಂದದ್ದರಿಂದ ಹೆಣ್ಮಕ್ಕಳ ಕಷ್ಟ ಕಮ್ಮಿ ಆಗಿದೆ, ಅದನ್ನ ನಾನು ಕಣ್ಣಾರೆ ಕಂಡಿದೀನಿ. ಆದರೆ ಅಕೌಂಟ್ ಇರೋದು ಬೇರೆ, ಮುಂದಿನ ತಿಂಗಳು ಅದಕ್ಕೆ ದುಡ್ಡು ಬರತ್ತೆ ಅನ್ನೋ ಧೈರ್ಯ ಬೇರೆ. ಮತ್ತೆ ಇಷ್ಟೆಲ್ಲಾ ಇಳಿದ ಮೇಲೂ ಯಾದಗಿರಿ ಎರಡೂ ಸಲ ರಾಜ್ಯದಲ್ಲಿ ಅತಿ ಬಡ ಜಿಲ್ಲೆ ಅಂತಲೇ ಬಂದಿದೆ, ಈಗಲೂ ಹತ್ತಿರ ಹತ್ತಿರ ಕಾಲು ಭಾಗ ಜನ ಆ ಲೆಕ್ಕದಲ್ಲೇ ಬಡವರು. 7.58 ಅಂತ ಬರೆಯೋರು ಇದನ್ನ ಬರೆಯಲ್ಲ.

ಹಳೇ ಪದ್ಧತಿ ಏನಿತ್ತು ಅಂದ್ರೆ ಬಡತನದ ಗೆರೆ. ತೆಂಡೂಲ್ಕರ್ ಸಮಿತಿಯ ಲೆಕ್ಕದಲ್ಲಿ 2011-12ಕ್ಕೆ ಆ ಗೆರೆ ಕರ್ನಾಟಕದ ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ 902 ರೂಪಾಯಿ, ಪಟ್ಟಣದಲ್ಲಿ 1,089. ಅಂದ್ರೆ ಹಳ್ಳಿಯಲ್ಲಿ ದಿನಕ್ಕೆ 30 ರೂಪಾಯಿ ಖರ್ಚು ಮಾಡಿದ್ರೆ ನೀವು ಬಡವರಲ್ಲ. ಆಗ ರಾಜ್ಯದಲ್ಲಿ ಬಡವರು ಶೇ 20.9 ಅಂತ ಬಂತು. ಆಮೇಲೆ ರಂಗರಾಜನ್ ಸಮಿತಿ 2014ರಲ್ಲಿ ಗೆರೆಯನ್ನ ಮೇಲಕ್ಕೆ ಏರಿಸಿತು, ಸರ್ಕಾರ ಅದನ್ನ ಬಳಸಲಿಲ್ಲ. ಗೆರೆ ಎಲ್ಲಿ ಎಳೀಬೇಕು ಅನ್ನೋದರ ಬಗ್ಗೆ ಜಗಳ ಸಾಕಷ್ಟು ಆಗಿದೆ. ನನ್ನ ತಕರಾರು ಬೇರೆ, ಈ ಲೆಕ್ಕ ಖರ್ಚನ್ನ ನೋಡತ್ತೆ, ಆ ಖರ್ಚು ಎಲ್ಲಿಂದ ಬಂತು ಅಂತ ನೋಡಲ್ಲ. ಅಪ್ಪನಿಗೆ ಕಿಡ್ನಿ ತೊಂದರೆ ಆಗಿ ಕಲಬುರಗಿಗೋ ಸೋಲಾಪುರಕ್ಕೋ ಕರ್ಕೊಂಡು ಹೋಗಿ ಬಡ್ಡಿ ಸಾಲ ತಂದು ಆಸ್ಪತ್ರೆಗೆ ಸುರಿದ ಮನೆಯ ಖರ್ಚು ಆ ವರ್ಷ ಏರತ್ತೆ, ಸರ್ವೆ ಪುಸ್ತಕದಲ್ಲಿ ಆ ಕುಟುಂಬ ಮೇಲೆ ಹೋದ ಹಾಗೆ ಕಾಣತ್ತೆ. ಮುಂದಿನ ವರ್ಷ ಅವರು ಸಾಲದ ಕಂತು ಕಟ್ತಾರಲ್ಲ, ಅದು ಬಳಕೆ ಖರ್ಚಿನಲ್ಲಿ ಬರೋದೇ ಇಲ್ಲ. ಅವರ ಜೀವನದಲ್ಲಿ ಆದ ಅತಿ ದೊಡ್ಡ ಕುಸಿತ ಲೆಕ್ಕದಲ್ಲಿ ಏರಿಕೆಯಾಗಿ ಕೂತಿರತ್ತೆ. ಇದು ನನಗೆ ತುಂಬಾ ಕಾಡೋ ವಿಷಯ.

ಸಾಲದ ಮಾತು ಬಂತು ಅಂದಮೇಲೆ ಇದನ್ನೂ ಹೇಳ್ತೀನಿ. ಬಿಪಿಎಲ್ ಕಾರ್ಡಿಗೆ ನಮ್ಮಲ್ಲಿ ಕುಟುಂಬದ ವರ್ಷದ ಆದಾಯ 1.20 ಲಕ್ಷ ದಾಟಬಾರದು. ಮೈಕ್ರೋಫೈನಾನ್ಸ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲಿ ಈ ಆದಾಯದ ಮಿತಿ 3 ಲಕ್ಷ, ಮತ್ತೆ ಎಲ್ಲಾ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಈಗ ಲೆಕ್ಕ ಹಾಕಿ, ಐದು ಜನರ ಮನೆ, ತಿಂಗಳಿಗೆ 10 ಸಾವಿರ, ನಿಯಮ ಪಾಲಿಸಿಯೇ 5 ಸಾವಿರ ಕಂತಿಗೆ ಹೋಗಬಹುದು, ಉಳಿದ 5 ಸಾವಿರದಲ್ಲಿ ಐದು ಜನ, ತಲೆಗೆ ಒಂದು ಸಾವಿರ. 2022-23ರ ಬಳಕೆ ವೆಚ್ಚದ ಸಮೀಕ್ಷೆಯಲ್ಲಿ ಕರ್ನಾಟಕದ ಹಳ್ಳಿಯ ಸರಾಸರಿ ಖರ್ಚು ತಲೆಗೆ 4,397 ರೂಪಾಯಿ ಅಂತ ಇದೆ, ಅದರ ಪಕ್ಕ ಈ ಒಂದು ಸಾವಿರ ಇಟ್ಟು ನೋಡಿ. ನಮ್ಮೂರ ಹೆಣ್ಮಕ್ಕಳು "ಸಂಘದ ಕಂತು" ಅಂತ ಕರೆಯೋದು ಈ ಮೈಕ್ರೋಫೈನಾನ್ಸ್ ಕಂತನ್ನೇ. ಒಂದು ಸಂಘದ ಕಂತು ಕಟ್ಟೋಕೆ ಇನ್ನೊಂದರಲ್ಲಿ ಎತ್ತೋದು. ವಾರಕ್ಕೊಂದು ದಿನ ಆ ಓಣಿಯಲ್ಲಿ ಯಾರ ಮುಖದಲ್ಲೂ ನಗು ಇರಲ್ಲ. 2025ರ ಶುರುವಿನಲ್ಲಿ ಚಾಮರಾಜನಗರ ಕಡೆ ಕಂತಿನವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ರು ಅಂತ ಸುದ್ದಿ ಬಂತು, ಸರ್ಕಾರ ಸುಗ್ರೀವಾಜ್ಞೆನೇ ತರಬೇಕಾಯ್ತು. ಚಾಮರಾಜನಗರ ಬಡತನದ ಲೆಕ್ಕದಲ್ಲಿ ನಮಗಿಂತ ಎಷ್ಟೋ ಕಮ್ಮಿ ಬಡವರಿರೋ ಜಿಲ್ಲೆ! ಊರು ಬಿಟ್ಟು ಓಡೋ ಮಟ್ಟದ ಸಂಕಟ ಇದ್ರೂ ಯಾವ ಸೂಚ್ಯಂಕಕ್ಕೂ ಮುಂಚೆ ಗೊತ್ತಾಗಲಿಲ್ಲ ಅಂದ್ರೆ ನಾವು ಅಳೀತಾ ಇರೋದರಲ್ಲಿ ಏನೋ ದೊಡ್ಡದು ಬಿಟ್ಟು ಹೋಗಿದೆ ಅಂತ ತಾನೇ ಅರ್ಥ.

ಇನ್ನು ಜಾಗದ ಪ್ರಶ್ನೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಗೆ ನಾವು ಋಣಿಗಳಾಗಿರಬೇಕು. 2002ರಲ್ಲೇ ಅವರು ಜಿಲ್ಲೆ ಬಿಟ್ಟು ತಾಲೂಕಿಗೆ ಇಳಿದ್ರು, 35 ಸೂಚಕ ಇಟ್ಕೊಂಡು ಆಗಿದ್ದ 175 ತಾಲೂಕುಗಳನ್ನ ಅಳೆದು 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂದ್ರು. ಪಟ್ಟಿಯ ತಳದಲ್ಲಿ ದೇವದುರ್ಗ. ನಮ್ಮ ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರಲ್ಲಿ. ಬೆಂಗಳೂರಿನ ಪಕ್ಕದ ಕನಕಪುರ, ಮಾಗಡಿನೂ ಇದ್ವು, ರಾಜಧಾನಿ ಹತ್ತಿರ ಇದ್ರೆ ಸಾಕು ಅನ್ನೋದು ಸುಳ್ಳು ಅಂತ ಆ ಪಟ್ಟಿಯಿಂದ ಗೊತ್ತಾಯ್ತು. ಎಂಟು ವರ್ಷಕ್ಕೆ 31 ಸಾವಿರ ಕೋಟಿಯ ಯೋಜನೆ ಕೇಳಿದ್ರು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೇಳಿದ 371ಜೆ ಹೋರಾಟಕ್ಕೂ ಆ ವರದಿಯೇ ಕೈಗೆ ಸಿಕ್ಕ ಗಟ್ಟಿ ಆಧಾರ. ಆದರೆ ಆ ಸೂಚಕಗಳಲ್ಲಿ ಬಹಳಷ್ಟು ರಸ್ತೆ, ಬ್ಯಾಂಕು, ಆಸ್ಪತ್ರೆ ಹಾಸಿಗೆ, ನೀರಾವರಿ ಇಂಥವು, ಅಂದ್ರೆ ತಾಲೂಕಿನಲ್ಲಿ ಏನಿದೆ ಅನ್ನೋದು, ಅದು ಯಾರಿಗೆ ಮುಟ್ಟಿದೆ ಅನ್ನೋದಲ್ಲ. ಸುರಪುರ ಕಡೆನೇ ನೋಡಿ. ನಾರಾಯಣಪುರ ಎಡದಂಡೆ ಕಾಲುವೆ ಮೇಲ್ಭಾಗದ ಊರುಗಳಲ್ಲಿ ಭತ್ತದ ಗದ್ದೆ, ಲಾವಣಿಗೆ ಹೊಲ ಹಿಡಿಯೋಕೆ ಆಂಧ್ರದಿಂದ ಬಂದವರು, ಟ್ರ್ಯಾಕ್ಟರು, ಎರಡಂತಸ್ತಿನ ಮನೆ. ಅದೇ ಕಾಲುವೆ ಕೊನೆ ಭಾಗದ ಊರಿಗೆ ನೀರು ಬರತ್ತೋ ಇಲ್ವೋ ಅಂತ ಪ್ರತಿ ವರ್ಷ ಕಾಯೋದು, ಕಾಲುವೆ ಮುಟ್ಟದ ಊರಲ್ಲಿ ಮಳೆ ನಂಬಿ ಒಂದು ಬೆಳೆ. ಇವೆರಡನ್ನೂ ಸೇರಿಸಿ ತಾಲೂಕಿನ ಸರಾಸರಿ ತೆಗೆದ್ರೆ ಆ ಸರಾಸರಿಯ ಮನೆ ತಾಲೂಕಿನಲ್ಲಿ ಎಲ್ಲೂ ಇಲ್ಲ. ಭತ್ತದ ಊರಲ್ಲೂ ಭೂಮಿ ಇಲ್ಲದವರ ಕೇರಿಗೆ ಹೋಗಿ ನೋಡಿ, ನಾಟಿ ಕೂಲಿ ಬಿಟ್ರೆ ಅವರಿಗೆ ಆ ನೀರಿನಿಂದ ಬೇರೇನೂ ಇಲ್ಲ.

ದೊಡ್ಡ ಸರ್ವೆಗಳು ಇಷ್ಟು ಕೆಳಗೆ ಇಳಿಯೋಕೆ ಆಗಲ್ಲ, ಅದು ಅವರ ತಪ್ಪಲ್ಲ. ನಾನು ಹೇಳಿದ 2022-23ರ ಸಮೀಕ್ಷೆ ಇಡೀ ದೇಶದಲ್ಲಿ ನೋಡಿದ್ದು 8,723 ಹಳ್ಳಿ. ಅದರಲ್ಲಿ ನಮ್ಮ ಒಂದು ತಾಲೂಕಿನ ಪಾಲಿಗೆ ಎಷ್ಟು ಬರಬಹುದು ನೀವೇ ಯೋಚಿಸಿ. ಜನಗಣತಿ 2011ರದ್ದೇ ಇನ್ನೂ ಓಡ್ತಿದೆ, ಆಹಾರ ಭದ್ರತಾ ಕಾಯ್ದೆಯಲ್ಲಿ ರಾಜ್ಯಕ್ಕೆ ಎಷ್ಟು ಜನರ ಪಡಿತರ ಅನ್ನೋದು ಆ ಜನಸಂಖ್ಯೆ ಮೇಲೇ ನಿಂತಿದೆ. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಗೆ, ಹುಣಸಗಿ, ವಡಗೇರಾ, ಗುರುಮಠಕಲ್ ತಾಲೂಕು ಆದದ್ದು ಅದಕ್ಕೂ ಎಷ್ಟೋ ಆಮೇಲೆ, ಅಂದ್ರೆ 2011ರ ಗಣತಿಯಲ್ಲಿ ಈ ಮೂರು ತಾಲೂಕಿಗೆ ಬೇರೆ ಲೆಕ್ಕನೇ ಇಲ್ಲ.

ಹಾಗಾದ್ರೆ ಊರ ಮಟ್ಟದಲ್ಲಿ ಹೇಗೆ ಅಳೆಯೋದು ಅಂತ ಕೇಳಿದ್ರೆ, ಬಹುಪಾಲು ಮಾಹಿತಿ ಪಂಚಾಯತಿ ಸುತ್ತಮುತ್ತಲೇ ಬಿದ್ದಿದೆ, ಯಾರೂ ಕೂಡಿಸ್ತಿಲ್ಲ ಅಷ್ಟೇ. ಶಾಲೆ ಹಾಜರಿ ತಗೊಳ್ಳಿ. ದಾಖಲಾತಿ ನೋಡಬೇಡಿ, ಅದು ಯಾವಾಗಲೂ ತುಂಬಿರತ್ತೆ, ಜನವರಿಯಿಂದ ಮಾರ್ಚ್‌ವರೆಗಿನ ಹಾಜರಿ ನೋಡಿ, ಎಷ್ಟು ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋದ್ರು ಅಂತ ಅಲ್ಲೇ ಇದೆ. ಪಡಿತರ ಈಗ ಹೆಬ್ಬೆಟ್ಟಿನ ಮಷೀನಿಗೆ ಬಂದಿದೆ, ಕಾರ್ಡ್ ಯಾವ ಊರಿಂದು, ಅಕ್ಕಿ ಯಾವ ಊರಲ್ಲಿ ತಗೊಂಡ್ರು ಅನ್ನೋದು ದಾಖಲಾಗತ್ತೆ. ಒಂದು ಹಳ್ಳಿಯ ಎಷ್ಟು ಕಾರ್ಡು ಬೇಸಿಗೆಯಲ್ಲಿ ಬೆಂಗಳೂರಲ್ಲಿ ಅಕ್ಕಿ ಎತ್ತಿದವು ಅಂತ ಹೆಸರಿಲ್ಲದೆ ಬರೀ ಎಣಿಕೆ ಕೊಟ್ರೂ ಸಾಕು. ಉದ್ಯೋಗ ಖಾತರಿಯಲ್ಲಿ ಯಾವ ತಿಂಗಳು ಎಷ್ಟು ಮನೆ ಕೆಲಸ ಕೇಳ್ತು, ಕೂಲಿ ಎಷ್ಟು ದಿನ ತಡ ಆಯ್ತು ಅನ್ನೋದು ಇದೆ. ಅಂಗನವಾಡಿ ಅಕ್ಕ ಮಕ್ಕಳ ತೂಕ ತಿಂಗಳು ತಿಂಗಳು ಬರೀತಾಳೆ, ಗುಳೆ ಹೋಗಿ ಬಂದ ಮಗುವಿನ ತೂಕ ಎಷ್ಟು ಇಳಿದಿದೆ ಅಂತ ಅವಳಿಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ.

ಇದರ ಮೇಲೆ ಮನೆ ಮನೆಗೆ ಕೇಳಬೇಕಾದ ಪ್ರಶ್ನೆ ಕಮ್ಮಿ, ಆದರೆ ಬೇರೆ ಥರದ್ದು. ಕಳೆದ ವರ್ಷ ಯಾವ ತಿಂಗಳು ಮನೇಲಿ ಒಂದು ರೂಪಾಯಿನೂ ಬರಲಿಲ್ಲ? ಈಗ ಎಷ್ಟು ಕಡೆ ಸಾಲ ಇದೆ, ಕಂತು ತಿಂಗಳಿಗೆ ಎಷ್ಟು? ನಾಳೆ ಆಸ್ಪತ್ರೆಗೆ 10 ಸಾವಿರ ಬೇಕು ಅಂದ್ರೆ ಎಲ್ಲಿಂದ ತರ್ತೀರಿ, ಉಳಿತಾಯದಿಂದಾ, ಕೈಗಡನಾ, ಬಡ್ಡಿಗಾ, ಬಂಗಾರ ಅಡವಿಟ್ಟಾ, ಮೇಸ್ತ್ರಿ ಹತ್ರ ಮುಂಗಡ ತಗೊಂಡಾ? ಈ ಕೊನೇ ಉತ್ತರ ಬಂತು ಅಂದ್ರೆ ಆ ಮನೆ ಮುಂದಿನ ಆರು ತಿಂಗಳ ದುಡಿಮೆಯನ್ನ ಈಗಲೇ ಮಾರ್ಕೊಂಡಿದೆ ಅಂತ ಅರ್ಥ, ಅವರ ಮನೇಲಿ ಟಿವಿ ಇರಲಿ ಬೈಕ್ ಇರಲಿ. ವರ್ಷಕ್ಕೆ ಒಂದು ಸಲ ಕೇಳಿದ್ರೆ ಸಾಲಲ್ಲ, ರಾಶಿ ಆದಮೇಲೆ ಒಂದ್ಸಲ, ಬೇಸಿಗೆ ನಡುವೆ ಒಂದ್ಸಲ ಕೇಳಬೇಕು. ಬೇಸಿಗೆಯಲ್ಲಿ ಬೀಗ ಹಾಕಿರೋ ಮನೆಯನ್ನ "ಸಿಗಲಿಲ್ಲ" ಅಂತ ಬಿಡಬಾರದು, ಬೀಗ ಅಂತಲೇ ಎಣಿಸಬೇಕು, ಆ ಸಂಖ್ಯೆನೇ ಒಂದು ಸೂಚಕ.

ಕೆಲವರು ಹೇಳ್ತಾರೆ ಜನ ಕಾರ್ಡ್ ಉಳಿಸ್ಕೊಳ್ಳೋಕೆ ಸುಳ್ಳು ಹೇಳ್ತಾರೆ, ಇಂಥ ಪ್ರಶ್ನೆಗೆ ನಿಜ ಬರಲ್ಲ ಅಂತ. ನವೆಂಬರ್ 2024ರಲ್ಲಿ ಬಿಪಿಎಲ್ ಕಾರ್ಡ್ ರದ್ದು ಗಲಾಟೆ ನೆನಪಿರಬೇಕು, ಕೊನೆಗೆ ಅರ್ಹರಿಗೆ ವಾಪಸ್ ಕೊಡ್ತೀವಿ ಅಂತ ಸರ್ಕಾರ ಹೇಳಬೇಕಾಯ್ತು. ಅಂಥದ್ದನ್ನ ನೋಡಿದ ಮೇಲೆ ಮನೆಗೆ ಬಂದ ಪ್ರತಿ ಫಾರಮ್ಮೂ ಏನನ್ನೋ ಕಿತ್ಕೊಳ್ಳೋಕೇ ಬಂದಿದೆ ಅಂತ ಜನಕ್ಕೆ ಅನ್ನಿಸಿದ್ರೆ ಅದು ಜನರ ತಪ್ಪಾ? ಅಳತೆ ಮಾಡೋದನ್ನೂ ಕಾರ್ಡ್ ತೆಗೆಯೋದನ್ನೂ ಬೇರೆ ಬೇರೆ ಇಡಿ. ಹೆಸರು ಬೇಡ, ಆಧಾರ್ ಬೇಡ, ಪಂಚಾಯತಿಗೆ ಒಂದು ಲೆಕ್ಕ ಸಿಕ್ರೆ ಸಾಕು, ಆ ಲೆಕ್ಕವನ್ನ ಗ್ರಾಮಸಭೆಯಲ್ಲಿ ಓದಿ ಹೇಳಲಿ. 2025ರಲ್ಲಿ ಜಾತಿ ಗಣತಿ ಅಂತ ಕರೆದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಟೀಚರ್‌ಗಳು ಮನೆ ಮನೆಗೆ ಹೋಗಿ 60 ಪ್ರಶ್ನೆ ಕೇಳಿದ್ರು, ನಾವೆಲ್ಲಾ ಜಾತಿ ಸಂಖ್ಯೆ ಬಗ್ಗೆನೇ ಕಿತ್ತಾಡಿದ್ವಿ. ಉತ್ತರ ಕೊಟ್ಟ ಊರಿಗೆ ಆ ಊರಿನ ಚಿತ್ರ ವಾಪಸ್ ಸಿಗಬೇಕು ಅಂತ ಕೇಳಿದವರು ಬಹಳ ಕಮ್ಮಿ.

ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನೋಡೋಕೆ 2024ರಲ್ಲಿ ಮತ್ತೆ ಸಮಿತಿ ಆಯ್ತು, ತಾಲೂಕುಗಳು ಈಗ 230 ದಾಟಿವೆ, ಹೊಸ ಲೆಕ್ಕ ಬೇಕೇ ಬೇಕು. ನನ್ನ ಒತ್ತಾಯ ಇಷ್ಟೇ, ಹಿಂದುಳಿದ ತಾಲೂಕು ಅಂತ ಹೊಸ ಪಟ್ಟಿ ಮಾಡುವಾಗ ಗುಳೆ ಮತ್ತು ಸಾಲ ಇವೆರಡೂ ಸೂಚಕವಾಗಿ ಇರಬೇಕು, ಅದೂ ಪಂಚಾಯತಿ ಮಟ್ಟದಲ್ಲಿ. ಇವೆರಡನ್ನ ಬಿಟ್ಟು ಮಾಡಿದ ಯಾವ ಪಟ್ಟಿಯಿಂದಲೂ ದುಡ್ಡು ಕೊನೆ ಭಾಗದ ಊರಿಗೆ ತಲುಪಲ್ಲ.

ನನ್ನ ಲಿಸ್ಟಲ್ಲಿ ಪಿಡಿಒಗಳಿದೀರಿ, ಮೇಷ್ಟ್ರುಗಳಿದೀರಿ, ಆಶಾ ಕಾರ್ಯಕರ್ತೆಯರಿದೀರಿ. ನಿಮ್ಮೂರ ಶಾಲೆಯಲ್ಲಿ ನವೆಂಬರ್ ಹಾಜರಿ ಎಷ್ಟಿತ್ತು, ಫೆಬ್ರವರಿ ಹಾಜರಿ ಎಷ್ಟಿತ್ತು, ಬೇಸಿಗೆಯಲ್ಲಿ ಎಷ್ಟು ಮನೆಗೆ ಬೀಗ ಇತ್ತು, ಮಕ್ಕಳ ಹೆಸರು, ಮನೆಯವರ ಹೆಸರು ಹಾಕದೆ ಊರು ಮತ್ತು ಸಂಖ್ಯೆ ಮಾತ್ರ ಕೆಳಗೆ ಬರೀರಿ. ಜಿಲ್ಲೆಯ ಒಂದಷ್ಟು ಪಂಚಾಯತಿದು ಕೂಡಿದ್ರೆ ಅದನ್ನ ಅಚ್ಚು ಹಾಕಿಸಿ ಜಿಲ್ಲಾ ಪಂಚಾಯತಿಗೆ ನಾನೇ ತಗೊಂಡು ಹೋಗಿ ಕೊಡ್ತೀನಿ.