ವಿಶ್ವದಲ್ಲಿ ನಮ್ಮ ಜಾಗ ತೋರಿಸಲು ದೂರದರ್ಶಕ ಬೇಕೇ?

ಪರ: ಪುರಾವೆ ಐಪೀಸಿನಲ್ಲಿದೆ

ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಪುರಾವೆ ಏನು ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಪಾಠದಲ್ಲಿತ್ತು, ವಿಡಿಯೊದಲ್ಲಿತ್ತು, ಅಷ್ಟೆ. ಖಗೋಳದ ಬಗ್ಗೆ ಜನರಿಗಾಗಿ ಬರುವ ಬರಹ, ಭಾಷಣಗಳೆಲ್ಲ ಹಳೆಯ ನಂಬಿಕೆಯ ಜಾಗದಲ್ಲಿ ಹೊಸ ನಂಬಿಕೆ ಕೂರಿಸುತ್ತವೆ. ಪುರಾವೆಯನ್ನು ಐಪೀಸಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಮಸೂರದಲ್ಲಿ, ತಂದಿಡುವುದು ದೂರದರ್ಶಕ ಒಂದೇ.

1610ರ ಜನವರಿಯಲ್ಲಿ ಗೆಲಿಲಿಯೊ ಸುಮಾರು 20 ಪಟ್ಟು ದೊಡ್ಡದಾಗಿ ತೋರಿಸುವ ಕೊಳವೆಯಲ್ಲಿ ಗುರುವಿನ ಪಕ್ಕದ ಚುಕ್ಕಿಗಳನ್ನು ಕಂಡ. ರಾತ್ರಿಯಿಂದ ರಾತ್ರಿಗೆ ಅವು ಜಾಗ ಬದಲಿಸಿದವು; ಅವು ಗುರುವನ್ನು ಸುತ್ತುವ ಚಂದ್ರಗಳು. ಎಲ್ಲವೂ ಭೂಮಿಯನ್ನೇ ಸುತ್ತಬೇಕಿಲ್ಲ ಎಂಬುದು ಅಲ್ಲಿ ಇತ್ಯರ್ಥವಾಯಿತು. ಅದೇ ವರ್ಷದ ಕೊನೆಗೆ ಶುಕ್ರನ ಕಲೆಗಳು, ಅಂದರೆ ಚಂದ್ರನಂತೆ ಹೆಚ್ಚಿ ಕುಗ್ಗುವ ಬಿಂಬದ ಆಕಾರಗಳು, ಕಂಡವು. ಶುಕ್ರ ಸದಾ ಭೂಮಿಗೂ ಸೂರ್ಯನಿಗೂ ನಡುವೆಯೇ ಇದ್ದಿದ್ದರೆ ತುಂಬು ಬಿಂಬ ಎಂದೂ ಕಾಣುತ್ತಿರಲಿಲ್ಲ. ಸೂರ್ಯನ ಆಚೆಗೂ ಹೋಗಿ ಬರುವುದರಿಂದಲೇ ಅದು ಕುಡುಗೋಲಿನಿಂದ ತುಂಬು ಬಿಂಬದವರೆಗೆ ಎಲ್ಲ ಕಲೆಗಳನ್ನೂ ತೋರುತ್ತದೆ. 60 ಮಿ.ಮೀ. ವ್ಯಾಸದ ಸಣ್ಣ ದೂರದರ್ಶಕಕ್ಕೂ ಈ ಎರಡು ಪುರಾವೆ ಸಿಗುತ್ತವೆ. ಮನುಷ್ಯನನ್ನು ವಿಶ್ವದ ನಡುವಿನಿಂದ ಎಬ್ಬಿಸಿದ ನೋಟವನ್ನು ಬೀದಿಯಲ್ಲಿ ಹೋಗುವ ಯಾರಿಗಾದರೂ ತೋರಿಸಬಹುದಾಗಿರುವಾಗ ಅದನ್ನು ಬಿಟ್ಟು ಬಾಯಿಮಾತಿನಲ್ಲಿ ಹೇಳುವುದು ಸೋಮಾರಿತನ.

ಜನ ನಿರಾಶರಾಗಿ ಹೋಗುತ್ತಾರೆ ಎಂಬ ದೂರು ಹಳೆಯದು. ಹೋಗುವುದೂ ಹೌದು. ತಪ್ಪು ಉಪಕರಣದ್ದಲ್ಲ, ನಡೆಸುವವರದ್ದು.

ಮೊದಲನೆಯದು ವರ್ಧನೆಯ ಹುಚ್ಚು. ಪೆಟ್ಟಿಗೆಯ ಮೇಲೆ 500 ಪಟ್ಟು ಎಂದು ಬರೆದಿರುತ್ತಾರೆ. ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ದಾಟಿದರೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. 60 ಮಿ.ಮೀ.ಗೆ 120 ಮಿತಿ, 150 ಮಿ.ಮೀ.ಗೆ 300. ವಾಯುಮಂಡಲದ ನಡುಕ ಬಹುತೇಕ ರಾತ್ರಿ ಅಷ್ಟಕ್ಕೂ ಬಿಡುವುದಿಲ್ಲ. ಸಾರ್ವಜನಿಕ ವೀಕ್ಷಣೆಗೆ 150 ಮಿ.ಮೀ. ಕನ್ನಡಿ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ದೂರದರ್ಶಕ) ಸಾಕು. 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120. ಈ ಎರಡಿದ್ದರೆ ಮೂರನೆಯದು ಬೇಕಾಗುವುದೇ ಅಪರೂಪ.

ಎರಡನೆಯದು, ಭೂಮಿ ತಿರುಗುತ್ತಿದೆ ಎಂಬುದನ್ನು ಖಗೋಳದವರೇ ಮರೆಯುವುದು! ಮೋಟರಿಲ್ಲದ ದೂರದರ್ಶಕದಲ್ಲಿ ಗ್ರಹ ನೋಟದ ವೃತ್ತವನ್ನು ದಾಟಲು 48 ಪಟ್ಟಿನಲ್ಲಿ ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ; 120ರಲ್ಲಿ ಎರಡು ನಿಮಿಷವೂ ಇಲ್ಲ. ಗ್ರಹವನ್ನು ನಡುವಿಗೆ ತಂದು ಮುಂದಿನವರನ್ನು ಕರೆದರೆ ಅರ್ಧ ಸಮಯ ಆಗಲೇ ಹೋಯಿತು. ಅದನ್ನು ಪೂರ್ವದ ಅಂಚಿನಲ್ಲಿ ಬಿಡಬೇಕು; ತಾನೇ ನಡುವಿಗೆ ತೇಲಿ ಬರುತ್ತದೆ. ಇಬ್ಬರು ಮೂವರು ನೋಡಿದ ಮೇಲೆ ಒಮ್ಮೆ ಸರಿಪಡಿಸಬೇಕು. ಈ ಸರಿಯುವಿಕೆಯೂ ಪಾಠವೇ: ಓಡುತ್ತಿರುವುದು ಶನಿಯಲ್ಲ, ನೀವು ನಿಂತ ನೆಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ಮೂರನೆಯದು ತಯಾರಿ. ಫೈಂಡರನ್ನು (ಗುರಿ ಹುಡುಕಲು ಕೊಳವೆಗೆ ಕೂರಿಸಿದ ಪುಟ್ಟ ದರ್ಶಕ) ಹಗಲಿನಲ್ಲೇ, ಕನಿಷ್ಠ ಒಂದು ಕಿಲೋಮೀಟರ್ ದೂರದ ಗೋಪುರವನ್ನೋ ಮರದ ತುದಿಯನ್ನೋ ನೋಡಿ ಹೊಂದಿಸಿ. ಹತ್ತಿರದ ವಸ್ತುವಿಗೆ ಹೊಂದಿಸಿದರೆ ರಾತ್ರಿ ಗುರಿ ತಪ್ಪುತ್ತದೆ. ಸೂರ್ಯನಿರುವ ದಿಕ್ಕಿಗೆ ಕೊಳವೆ ಹೊರಳದಂತೆ ಎಚ್ಚರವಿರಲಿ. ಕೋಣೆಯಲ್ಲಿದ್ದ ಕನ್ನಡಿಯನ್ನು ಮುಕ್ಕಾಲು ಗಂಟೆ ಮೊದಲೇ ಹೊರಗಿಡಬೇಕು. ಕನ್ನಡಿ ಬೆಚ್ಚಗಿದ್ದರೆ ಕೊಳವೆಯೊಳಗಿನ ಗಾಳಿ ಕುದಿದಂತಾಗಿ ಬಿಂಬ ನಡುಗುತ್ತದೆ. ಕನ್ನಡಿಗಳು ಸರಿಯಾಗಿ ಕೂತಿವೆಯೇ ಎಂದು ತಿಳಿಯಲು ಒಂದು ನಕ್ಷತ್ರವನ್ನು ಫೋಕಸಿನಿಂದ ಹೊರಗೆ ತನ್ನಿ. ಕಾಣುವ ಬಳೆಗಳು ಒಂದೇ ಕೇಂದ್ರದವಾಗಿರಬೇಕು. ಒಂದು ಪಕ್ಕಕ್ಕೆ ಒತ್ತರಿಸಿದ್ದರೆ ಕನ್ನಡಿಯ ತಿರುಪುಗಳನ್ನು ಸರಿಮಾಡದೆ ಗ್ರಹದ ವಿವರ ಕೇಳಬೇಡಿ.

ಇಷ್ಟಾದರೂ ನೋಡಲು ಬಂದವರ ಕಣ್ಣಿಗೆ ಏನೂ ಬೀಳದಿರಬಹುದು. ಮೊದಲ ಸಲ ನೋಡುವವರು ಐಪೀಸಿಗೆ ಕಣ್ಣನ್ನು ಒತ್ತಿ ಹಿಡಿದು ತಮ್ಮ ರೆಪ್ಪೆಯನ್ನೇ ನೋಡುತ್ತಾರೆ. ಒಂದು ಬೆರಳಿನಷ್ಟು ದೂರದಿಂದ ನಿಧಾನವಾಗಿ ಹತ್ತಿರ ಬನ್ನಿ, ಬೆಳಕಿನ ಬಿಲ್ಲೆ ಕಂಡಲ್ಲಿ ನಿಲ್ಲಿ ಎಂದು ಹೇಳಬೇಕು. ಕನ್ನಡಕದವರಿಗೆ ದೂರದೃಷ್ಟಿ ಅಥವಾ ಸಮೀಪದೃಷ್ಟಿ ಮಾತ್ರವಿದ್ದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿಕೊಳ್ಳಬಹುದು. ಅಸ್ಟಿಗ್ಮಾಟಿಸಂ (ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಸಮನಿಲ್ಲದ ದೋಷ) ಹೆಚ್ಚಿದ್ದರೆ ತೆಗೆಯಬಾರದು. ಮಕ್ಕಳಿಗೆ ಗಟ್ಟಿ ಮೆಟ್ಟಿಲು ಮಣೆ ಬೇಕು. ಅದಿಲ್ಲದಿದ್ದರೆ ಕೊಳವೆಗೇ ಜೋತುಬೀಳುತ್ತಾರೆ, ಗುರು ಹೋಗಿ ಖಾಲಿ ಆಕಾಶ ಉಳಿಯುತ್ತದೆ. ಇನ್ನು "ಕಂಡಿತಾ?" ಎಂದು ಕೇಳಲೇಬಾರದು, ಏನೂ ಕಾಣದವರೂ ಮರ್ಯಾದೆಗೆ ಹೂಂ ಎನ್ನುತ್ತಾರೆ. "ಗುರುವಿನ ಎಡಕ್ಕೆ ಎಷ್ಟು ಚುಕ್ಕಿ ಇವೆ?" ಎಂದು ಕೇಳಿ. ಎಣಿಸಿದವರು ನಿಜವಾಗಿ ನೋಡಿದ್ದಾರೆ. ಒಬ್ಬರಿಗೆ ಒಂದು ನಿಮಿಷ ಹಿಡಿದರೆ ಗಂಟೆಗೆ 60 ಜನ. 150 ಜನ ಸೇರುವಲ್ಲಿ ಮೂರು ದೂರದರ್ಶಕ ಬೇಕು, ಮೂರಕ್ಕೂ ಬೇರೆ ಬೇರೆ ಗುರಿ.

ದಿನ ಆರಿಸುವುದರಲ್ಲೂ ಎಡವುತ್ತಾರೆ. ಹುಣ್ಣಿಮೆಗೆ ಚಂದ್ರನನ್ನು ತೋರಿಸುವುದು ಅತಿ ಸಾಮಾನ್ಯ ತಪ್ಪು. ಅಂದು ಬೆಳಕು ನೇರವಾಗಿ ಬಿದ್ದು ಕುಳಿಗಳ ನೆರಳೇ ಇರುವುದಿಲ್ಲ, ಬಿಳಿ ತಟ್ಟೆ ಕಂಡು ಜನ ಹೋಗುತ್ತಾರೆ. ಶುಕ್ಲಪಕ್ಷದ ಅರ್ಧಚಂದ್ರನಿಗೆ ಕಾದರೆ ಸೂರ್ಯ ಮುಳುಗುವಾಗಲೇ ಚಂದ್ರ ಎತ್ತರದಲ್ಲಿರುತ್ತಾನೆ, ಬೆಳಕು-ಕತ್ತಲಿನ ಗಡಿಯುದ್ದಕ್ಕೂ ಬೆಟ್ಟಗಳ ತುದಿ ಮಾತ್ರ ಹೊಳೆಯುತ್ತಿರುತ್ತದೆ. ಹಗಲಲ್ಲಿ ಸೂರ್ಯನನ್ನು ತೋರಿಸುವುದಾದರೆ ಬೆಳಕನ್ನು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿಸುವ ಫಿಲ್ಟರ್ ಕೊಳವೆಯ ಮುಂಬಾಯಿಗೆ ಬಿಗಿಯಾಗಿ ಕೂತಿರಬೇಕು. ಐಪೀಸಿಗೆ ತಿರುಗಿಸುವ ಕಪ್ಪು ಗಾಜನ್ನು ಬಿಸಾಡಿ. ಕಾವಿಗೆ ಅದು ಸೀಳಿದ ಕ್ಷಣವೇ ಕಣ್ಣು ಹೋಗುತ್ತದೆ.

ಆಕಾಶಗಂಗೆಯ ಪಕ್ಕದ ಗೆಲಾಕ್ಸಿ ಆಂಡ್ರೊಮಿಡಾ ಬೂದು ಮಬ್ಬಾಗಿ ಕಾಣುತ್ತದಲ್ಲ, ಚಿತ್ರದಲ್ಲಿರುವ ಬಣ್ಣ ಎಲ್ಲಿ ಎನ್ನುತ್ತಾರೆ. ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಸುತ್ತದೆ, ಕಣ್ಣಿಗೆ ಅದು ಸಾಧ್ಯವಿಲ್ಲ. ಇದನ್ನು ನೋಡುವ ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ. ಆ ಮಬ್ಬಿನ ಬೆಳಕು ಹೊರಟು 25 ಲಕ್ಷ ವರ್ಷವಾಯಿತು. ಆಗ ನಮ್ಮ ಪ್ರಭೇದವೇ ಇರಲಿಲ್ಲ. ಅಷ್ಟು ಹಳೆಯ ಬೆಳಕು ನೇರ ನಿಮ್ಮ ಕಣ್ಣೊಳಗೆ ಬೀಳುತ್ತಿದೆ, ನಡುವೆ ಯಾವ ಪರದೆಯೂ ಇಲ್ಲ. (ಐಪೀಸೇ ಇಲ್ಲದೆ ಫೋನಿಗೆ ಚಿತ್ರ ಕಳಿಸುವ ಈಗಿನ ಯಂತ್ರಗಳನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಪರದೆಯನ್ನೇ ನೋಡುವುದಾದರೆ ಮನೆಯಲ್ಲೇ ಇರಬಹುದು.)

ಎದುರು ಬದಿಯವರು ಸೌರಮಂಡಲದ ಮಾದರಿ ಎಂದು ಚೆಂಡು, ಗುಂಡುಸೂಜಿ ಹಿಡಿದು ರಸ್ತೆಯಲ್ಲಿ ಹೆಜ್ಜೆ ಎಣಿಸುತ್ತಾರೆ. ಎಣಿಸಲಿ. ಅಷ್ಟು ದೂರ ನಡೆದರೂ ಆಕಾಶ ಒಂದು ಅಂಗುಲವೂ ಕಂಡಿರುವುದಿಲ್ಲ.

ವಿರೋಧ: ಮೊದಲು ಅಳತೆ, ಆಮೇಲೆ ನೋಟ

ಈ ಬದಿಯನ್ನು ಬರೆಯಬೇಕೆಂದು ಕೇಳಿದ್ದರಿಂದ ಬರೆಯುತ್ತಿದ್ದೇನೆ. ದೂರದರ್ಶಕವೇ ಬೇಡ ಎನ್ನುವ ಹಟ ನನಗಿಲ್ಲ. ಆದರೆ ಪ್ರಶ್ನೆ "ಆಕಾಶ ಚೆನ್ನಾಗಿ ಕಾಣಲು ಏನು ಬೇಕು" ಎಂದಲ್ಲ, "ನಮ್ಮ ಜಾಗ ತಿಳಿಯಲು ಏನು ಬೇಕು" ಎಂದು.

ಕೋಪರ್ನಿಕಸನ ಗ್ರಂಥ ಬಂದದ್ದು 1543ರಲ್ಲಿ. ದೂರದರ್ಶಕದ ಸುದ್ದಿ ಹೊರಬಿದ್ದದ್ದು 1608ರಲ್ಲಿ. ಗ್ರಹಗಳ ದಾರಿ ದೀರ್ಘವೃತ್ತ ಎಂದು ಕೆಪ್ಲರ್ 1609ರಲ್ಲಿ ಪ್ರಕಟಿಸಿದ್ದು ಟೈಕೊ ಬ್ರಾಹೆ ಬರಿಗಣ್ಣಿನಿಂದ ತೆಗೆದ ಅಳತೆಗಳ ಬಲದಿಂದ. ಭೂಮಿ ನಡುವಿನಿಂದ ಎದ್ದದ್ದು ಲೆಕ್ಕದಿಂದ; ಕೊಳವೆ ಆಮೇಲೆ ಬಂದು ಸಹಿ ಹಾಕಿತು. ಶುಕ್ರನ ಕಲೆಗಳ ಮಾತು ಸರಿ. ಆದರೆ ಅವೆಲ್ಲವನ್ನು ಕಾಣಲು ಸುಮಾರು 19 ತಿಂಗಳು ಬೇಕು, ಒಂದು ಸಂಜೆ ಸಾಲಿನಲ್ಲಿ ನಿಂತವರಿಗೆ ಸಿಗುವುದು ಒಂದೇ ಕಲೆ.

ಶನಿಯದೂ ಹಾಗೆಯೇ. 2025ರ ಮಾರ್ಚಿನಲ್ಲಿ ಅದರ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿತ್ತು. ಮತ್ತೆ ಪೂರ್ತಿ ಅಗಲವಾಗಿ ಕಾಣುವುದು 2032ರ ಹೊತ್ತಿಗೆ. ಅದಿರಲಿ, ಚೆನ್ನಾಗಿಯೇ ಕಂಡಿತು ಎನ್ನೋಣ. ಶನಿಯನ್ನು ನೋಡಿದವರಿಗೆ ಅದು ಎಷ್ಟು ದೂರ ಎಂಬ ಅಂದಾಜು ಬರುತ್ತದೆಯೇ? ವರ್ಧನೆಯ ಕೆಲಸವೇ ಹತ್ತಿರ ತರುವುದು. ದೂರವನ್ನು ಅಳಿಸುವ ಉಪಕರಣದಿಂದ ದೂರ ಕಲಿಸಲು ಹೊರಡುವುದು ವಿಚಿತ್ರ.

ದೂರಕ್ಕೆ ದಾರಿ ನಡಿಗೆಯೇ: ಸೌರಮಂಡಲವನ್ನು ಕುಗ್ಗಿಸಿ ರಸ್ತೆಯ ಮೇಲೆ ಹರಡಿ ನಡೆಯುವುದು. ಸಾವಿರ ಕೋಟಿಗೆ ಒಂದರ ಅಳತೆ ಹಿಡಿಯಿರಿ: ಒಂದು ಮೀಟರ್ ಎಂದರೆ ಒಂದು ಕೋಟಿ ಕಿಲೋಮೀಟರ್, ಒಂದು ಮಿಲಿಮೀಟರ್ ಎಂದರೆ ಹತ್ತು ಸಾವಿರ. ಸೂರ್ಯ 14 ಸೆಂ.ಮೀ. ಚೆಂಡು. ಬುಧ 5.8 ಮೀಟರಿನಲ್ಲಿ, ಶುಕ್ರ 10.8ರಲ್ಲಿ, ಭೂಮಿ 15ರಲ್ಲಿ, ಮಂಗಳ 22.8ರಲ್ಲಿ. ಭೂಮಿಯ ಗಾತ್ರ 1.3 ಮಿ.ಮೀ., ಗುಂಡುಸೂಜಿಯ ತಲೆಗಿಂತ ಚಿಕ್ಕದು. ಚಂದ್ರ ಅದರಿಂದ ನಾಲ್ಕು ಸೆಂಟಿಮೀಟರಿನೊಳಗೆ. ಮನುಷ್ಯರು ಇದುವರೆಗೆ ಖುದ್ದಾಗಿ ಹೋಗಿರುವುದು ಆ ನಾಲ್ಕು ಸೆಂಟಿಮೀಟರಿನಷ್ಟು. ಗುರು 14 ಮಿ.ಮೀ. ಗೋಲಿ, 78 ಮೀಟರಿನಲ್ಲಿ. ಶನಿ 143, ಯುರೇನಸ್ 287, ನೆಪ್ಚೂನ್ 450. ಈ ರಸ್ತೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಮೂರು ಸೆಂಟಿಮೀಟರ್, ಇರುವೆಯ ನಡೆ. ಪಕ್ಕದ ನಕ್ಷತ್ರ ಪ್ರಾಕ್ಸಿಮಾ 4,000 ಕಿಲೋಮೀಟರ್ ಆಚೆ.

460 ಮೀಟರ್ ನೇರ ರಸ್ತೆ ಬೇಕು, ತಿರುವು ಇರಬಾರದು, ಏಕೆಂದರೆ ಪ್ರತಿ ಗ್ರಹದ ಬಳಿ ನಿಂತು ಹಿಂದಿರುಗಿ ಸೂರ್ಯನನ್ನು ನೋಡಬೇಕು. ಚೆಂಡನ್ನು ಕಂಬಕ್ಕೆ ಕಣ್ಣಿನ ಎತ್ತರದಲ್ಲಿ ಕಟ್ಟಿ. ಭೂಮಿಯ ಜಾಗದಿಂದ ಅದು ಅರ್ಧ ಡಿಗ್ರಿ ಅಗಲ, ನಿಜವಾದ ಸೂರ್ಯನೂ ಆಕಾಶದಲ್ಲಿ ಅಷ್ಟೇ ಅಗಲ. ನೆಪ್ಚೂನಿನಿಂದ ನೋಡಿದರೆ ಒಳ್ಳೆಯ ಕಣ್ಣಿಗೂ ಚುಕ್ಕಿಯಷ್ಟೇ. ಒಂದು ಮಿಲಿಮೀಟರಿನ ಗ್ರಹಗಳನ್ನು ಕೈಯಲ್ಲಿ ಕೊಡಬೇಡಿ, ಬಿದ್ದರೆ ಸಿಗುವುದಿಲ್ಲ. ಬಿಳಿ ರಟ್ಟಿಗೆ ಅಂಟಿಸಿ ಹೆಸರು ದೊಡ್ಡದಾಗಿ ಬರೆಯಿರಿ. ಹೆಜ್ಜೆ ನಂಬಬೇಡಿ, 50 ಮೀಟರ್ ಟೇಪಿನಿಂದ ಮೊದಲೇ ಗುರುತು ಹಾಕಿ. ಗ್ರಹಗಳು ನಿಜವಾಗಿ ಹೀಗೆ ಸಾಲಾಗಿ ನಿಲ್ಲುವುದಿಲ್ಲ ಎಂಬುದನ್ನು ಹೊರಡುವಾಗಲೇ ಹೇಳಿ, ಇಲ್ಲದಿದ್ದರೆ ಆ ಸಾಲೇ ತಲೆಯಲ್ಲಿ ಕೂರುತ್ತದೆ.

ಶನಿ ದಾಟಿದ ಮೇಲೆ ಜನ ಬೇಸರಪಡುತ್ತಾರೆ, ಸಂಘಟಕರು ದಾರಿ ಮೊಟಕು ಮಾಡಲು ಹೊರಡುತ್ತಾರೆ. ಮಾಡಬಾರದು. ಏನೂ ಇಲ್ಲದೆ ಅಷ್ಟು ದೂರ ನಡೆಯಬೇಕಾಗಿರುವುದೇ ಹೇಳಬೇಕಾದ ವಿಷಯ. ಜಾಗವಿಲ್ಲವೆಂದು ಎಲ್ಲವನ್ನೂ ಹತ್ತನೇ ಒಂದಕ್ಕೆ ಇಳಿಸಿದರೆ ಭೂಮಿ 0.13 ಮಿ.ಮೀ. ಆಗಿ ಕಣ್ಣಿಗೇ ಸಿಗುವುದಿಲ್ಲ. ಗಾತ್ರಕ್ಕೆ ಒಂದು ಅಳತೆ, ದೂರಕ್ಕೆ ಇನ್ನೊಂದು ಎಂದು ರಾಜಿ ಮಾಡಿಕೊಂಡರೆ ಪಠ್ಯಪುಸ್ತಕದ ಆ ಸುಳ್ಳು ಚಿತ್ರವೇ ಮತ್ತೆ ಬಂತು.

ಮೋಡವಿದ್ದರೂ ನಡಿಗೆ ನಡೆಯುತ್ತದೆ, ಹಗಲಲ್ಲೂ ಆಗುತ್ತದೆ, ಇನ್ನೂರು ಜನ ಒಟ್ಟಿಗೆ ಬರಬಹುದು. ದೂರದರ್ಶಕದ ಬಳಿ ಇನ್ನೂರನೆಯವರ ಸರದಿ ಬರುವಷ್ಟರಲ್ಲಿ ಗ್ರಹವೇ ಮುಳುಗಿರುತ್ತದೆ.

ಆಕಾಶಗಂಗೆಗೆ ಈ ಅಳತೆ ಸಾಲದು. ಅದರ ಕೇಂದ್ರ ಇದೇ ಲೆಕ್ಕದಲ್ಲಿ ಎರಡೂವರೆ ಕೋಟಿ ಕಿಲೋಮೀಟರ್ ಆಗುತ್ತದೆ, ಸಂಖ್ಯೆ ಮತ್ತೆ ಬರೀ ಸಂಖ್ಯೆಯಾಗುತ್ತದೆ. ಅಲ್ಲಿ ಒಂದು ಜ್ಯೋತಿರ್ವರ್ಷಕ್ಕೆ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ಒಂದು ಮಿಲಿಮೀಟರ್ ಹಿಡಿಯಬೇಕು. ಆಕಾಶಗಂಗೆ ಸುಮಾರು ನೂರು ಮೀಟರ್ ಅಗಲದ ಮೈದಾನ, ಸೂರ್ಯ ನಡುವಿನಿಂದ 26 ಮೀಟರಿನಲ್ಲಿ, ಪ್ರಾಕ್ಸಿಮಾ ನಾಲ್ಕು ಮಿಲಿಮೀಟರ್ ಪಕ್ಕದಲ್ಲಿ. ಬರಿಗಣ್ಣಿಗೆ ಕಾಣುವ ಬಹುಪಾಲು ನಕ್ಷತ್ರಗಳು ನಮ್ಮ ಸುತ್ತ ಒಂದು ಮೀಟರಿನೊಳಗೆ. ನೂರು ವರ್ಷದ ಹಿಂದೆ ಹೊರಟ ನಮ್ಮ ರೇಡಿಯೊ ಅಲೆಗಳು ತಲುಪಿರುವುದು ಹತ್ತು ಸೆಂಟಿಮೀಟರ್. ಆಂಡ್ರೊಮಿಡಾ ಎರಡೂವರೆ ಕಿಲೋಮೀಟರ್ ಆಚೆಯ ಇನ್ನೊಂದು ಮೈದಾನ. ಇದನ್ನು ಗ್ರಹಗಳ ನಡಿಗೆಯ ದಿನವೇ ಮಾಡಬೇಡಿ. ಎರಡು ಅಳತೆ ಒಂದೇ ದಿನ ಕೊಟ್ಟರೆ ಜನ ನೆಪ್ಚೂನನ್ನು ಆಕಾಶಗಂಗೆಯ ಹೊರಗೆ ನಿಲ್ಲಿಸಿಬಿಡುತ್ತಾರೆ.