ತಾಳ ತಪ್ಪದ ಮೆಷಿನ್ನು, ಪಕ್ಕದ್ಮನೆ ಹುಡುಗಿಯ ದನಿ

ಭಾನುವಾರ ಅವರೆಕಾಯಿ ಸುಲಿಯೋಕೆ ಕೂತಾಗ ನಮ್ಮ ಮನೆಯಲ್ಲಿ ಹಾಡು ಹಾಕುವ ಹಕ್ಕು ನನ್ನದು. ಮೊನ್ನೆ ಹಾಕಿದ್ದು ‘ಡೇರ್’. ದಿ ಹ್ಯೂಮನ್ ಲೀಗ್ ಅನ್ನುವ ಬ್ರಿಟಿಷ್ ತಂಡದ 1981ರ ಆಲ್ಬಮ್. ಅವತ್ತು ಗೆಳೆಯನೊಬ್ಬ ಮನೆಗೆ ಬಂದಿದ್ದ. ಕರ್ನಾಟಕ ಸಂಗೀತದ ಹುಚ್ಚ ಅವನು. ಡಿಸೆಂಬರ್ ಬಂದರೆ ರಜೆ ಹಾಕಿ ಚೆನ್ನೈಗೆ ಹೊರಡುವ ಜಾತಿ. ಪಾಪ, ಎರಡು ಹಾಡು ತಡೆದುಕೊಂಡ. ಆಮೇಲೆ, "ಏನಪ್ಪಾ ಇದು, ಕ್ಯಾಲ್ಕ್ಯುಲೇಟರ್ ಹಾಡಿದ ಹಾಗಿದೆ" ಅಂದ.

ಬೈಯೋಕೆ ಹೋಗಿ ಸತ್ಯವನ್ನೇ ಹೇಳಿಬಿಟ್ಟಿದ್ದ. ಈ ಆಲ್ಬಮ್‌ನಲ್ಲಿ ಒಂದು ನಿಮಿಷದ ಒಂದು ತುಣುಕಿದೆ. ಹಳೆಯ ಸಿನಿಮಾವೊಂದರ ಟೈಟಲ್ ಸಂಗೀತ. ಅದನ್ನು ನುಡಿಸಿದ್ದು ಕ್ಯಾಸಿಯೋ ವಿಎಲ್-1ರಲ್ಲಿ. ಅದು ಅರ್ಧ ಆಟಿಕೆ ಕೀಬೋರ್ಡು, ಅರ್ಧ ನಿಜವಾದ ಕ್ಯಾಲ್ಕ್ಯುಲೇಟರ್. ಬೇಕಿದ್ದರೆ ರಾಗ ನುಡಿಸಬಹುದು, ಬೇಡವಾದರೆ ದಿನಸಿ ಲೆಕ್ಕ ಕೂಡಬಹುದು! ಇದನ್ನು ಹೇಳಿದಾಗ ಗೆಳೆಯ ಗೆದ್ದವನಂತೆ ನಕ್ಕ. ಆದರೆ ನಾನು ಈ ಆಲ್ಬಮ್ಮನ್ನು ಇಷ್ಟಪಡುವುದೇ ಅದಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. 1981ರಲ್ಲಿ ನಾನು ಹುಟ್ಟೇ ಇರಲಿಲ್ಲ. ಹಾಗಾಗಿ ಇದು ‘ಆ ದಿನಗಳೇ ಚೆಂದ’ ಅನ್ನೋ ಹಳಹಳಿಕೆ ಅಲ್ಲ. ಎಂಪಿತ್ರೀ ಕಾಲದಲ್ಲಿ ಯಾರದ್ದೋ ಪೆನ್‌ಡ್ರೈವ್‌ನಿಂದ ನನ್ನ ಕಂಪ್ಯೂಟರಿಗೆ ಬಂದು ಕೂತದ್ದು. ಮೊದಲ ಸಲ ಕೇಳಿದಾಗ ಕಾಲು ತಾನಾಗಿ ಕುಣಿಯಿತು, ಅಷ್ಟೇ. ಯಾಕೆ ಅಂತ ಗೊತ್ತಾಗೋಕೆ ವರ್ಷಗಳೇ ಬೇಕಾದವು.

ಇದು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಕಥೆ. ಉಕ್ಕಿನ ಊರು. ಅಲ್ಲಿ 1977ರಲ್ಲಿ ಕಂಪ್ಯೂಟರ್ ಆಪರೇಟರ್ ಕೆಲಸ ಮಾಡುತ್ತಿದ್ದ ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಸೇರಿ ಸಿಂತಸೈಜರ್ ತಂಡ ಕಟ್ಟಿದರು. ಸಿಂತಸೈಜರ್ ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ವಾದ್ಯ. ಹಾಡೋಕೆ ವೇರ್‌ನ ಶಾಲೆಯ ಗೆಳೆಯ ಫಿಲಿಪ್ ಓಕಿ ಬಂದ. ಅವನು ಆಸ್ಪತ್ರೆಯಲ್ಲಿ ಪೋರ್ಟರ್ ಆಗಿದ್ದವನು. ಎರಡು ಆಲ್ಬಮ್ ಬಂದವು. ವಿಮರ್ಶಕರು ಮೆಚ್ಚಿದರು, ಜನ ಅಷ್ಟಾಗಿ ಕೊಳ್ಳಲಿಲ್ಲ. 1980ರ ಕೊನೆಗೆ ಜಗಳವಾಗಿ ತಂಡ ಒಡೆಯಿತು. ಸಂಗೀತ ಗೊತ್ತಿದ್ದ ಇಬ್ಬರೂ ಎದ್ದು ಹೋದರು. ಉಳಿದವರು ಹಾಡುಗಾರ ಓಕಿ, ಮತ್ತೆ ವೇದಿಕೆಯ ಹಿಂದೆ ಸ್ಲೈಡ್ ತೋರಿಸುತ್ತಿದ್ದ ಆಡ್ರಿಯನ್ ರೈಟ್. ತಂಡದ ಹೆಸರು ಇವರಿಗೇ ಸಿಕ್ಕಿತು. ಜೊತೆಗೆ ಸಾಲವೂ! ಎದುರಿಗೆ ಒಪ್ಪಿಕೊಂಡಿದ್ದ ಯುರೋಪ್ ಪ್ರವಾಸ ಬೇರೆ.

ಈಗ ಬುದ್ಧಿ ಇರುವ ಯಾರಾದರೂ ಏನು ಮಾಡುತ್ತಾರೆ? ಒಳ್ಳೆ ಕೀಬೋರ್ಡ್ ವಾದಕರನ್ನು ಹುಡುಕುತ್ತಾರೆ. ಓಕಿ ಊರಿನ ಕ್ರೇಜಿ ಡೇಸಿ ಅನ್ನೋ ನೈಟ್‌ಕ್ಲಬ್ಬಿಗೆ ಹೋದ. ಅಲ್ಲಿ ಇಬ್ಬರು ಹುಡುಗಿಯರು ಕುಣಿಯುತ್ತಿದ್ದರು. ಸೂಸನ್ ಆನ್ ಸಲಿ, 17 ವರ್ಷ. ಜೋನ್ ಕ್ಯಾಥರಲ್, 18. ಇಬ್ಬರೂ ಇನ್ನೂ ಶಾಲೆಯಲ್ಲಿ ಓದುತ್ತಿದ್ದವರು. ಸಂಗೀತ ಕಲಿತವರಲ್ಲ, ವೇದಿಕೆ ಹತ್ತಿದವರಲ್ಲ. "ನಮ್ಮ ಜೊತೆ ಪ್ರವಾಸಕ್ಕೆ ಬರ್ತೀರಾ" ಅಂತ ಕೇಳಿಯೇ ಬಿಟ್ಟ. ತಮಾಷೆ ಅಂದರೆ, ಅದೇ ಪ್ರವಾಸದ ಒಂದು ಕಾರ್ಯಕ್ರಮಕ್ಕೆ ಅವರು ಆಗಲೇ ಟಿಕೆಟ್ ತಗೊಂಡಿದ್ದರು.

ತಂಡದ ಹಳೆಯ ಅಭಿಮಾನಿಗಳು ಈ ಹುಡುಗಿಯರನ್ನು ವೇದಿಕೆಯಲ್ಲೇ ಹೀಯಾಳಿಸಿದರು. ಪ್ರವಾಸ ಮುಗಿಸಿ ಬಂದ ಹುಡುಗಿಯರು ಮತ್ತೆ ಶಾಲೆಗೆ ಹೋದರು. ಒಂದೇ ವರ್ಷದಲ್ಲಿ ಅವರ ದನಿಯಿದ್ದ ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು.

ಅದನ್ನು ಕಟ್ಟಿದವನು ನಿರ್ಮಾಪಕ ಮಾರ್ಟಿನ್ ರಶೆಂಟ್. ಇಡೀ ಆಲ್ಬಮ್‌ನಲ್ಲಿ ಗಿಟಾರ್ ಇಲ್ಲ. ಹೊಸದಾಗಿ ಸೇರಿದ ಜೋ ಕ್ಯಾಲಿಸ್ ಗಿಟಾರ್ ವಾದಕ. ಅವನನ್ನೂ ಸಿಂತಸೈಜರ್ ಮುಂದೆ ಕೂರಿಸಿದರು. ರೋಲ್ಯಾಂಡ್ ಎಂಸಿ-8 ಅನ್ನೋ ಯಂತ್ರಕ್ಕೆ ಸ್ವರಗಳನ್ನು ಬೆರಳಲ್ಲಿ ನುಡಿಸುವುದಲ್ಲ, ಅಂಕಿಗಳಲ್ಲಿ ಒತ್ತಬೇಕು. ಯಾವ ಸ್ವರ, ಅದು ಎಷ್ಟು ಹೊತ್ತು ಕೇಳಬೇಕು, ಮುಂದಿನದು ಯಾವಾಗ ಬರಬೇಕು, ಎಲ್ಲಕ್ಕೂ ಒಂದೊಂದು ಅಂಕಿ. ಒಂದು ಸಾಲು ರಾಗಕ್ಕೆ ಅಂಗಡಿಯ ಖಾತೆ ಪುಸ್ತಕದಷ್ಟು ಲೆಕ್ಕ. ತಾಳಕ್ಕೆ ಲಿನ್ ಎಲ್‌ಎಂ-1 ಅನ್ನೋ ಡ್ರಮ್ ಮೆಷಿನ್. ನಿಜವಾದ ಡ್ರಮ್ಮಿನ ಸದ್ದನ್ನೇ ಚಿಪ್ಪಿನಲ್ಲಿ ಹಿಡಿದಿಟ್ಟದ್ದು. ಅದರಲ್ಲಿ ಝಣ್ ಅನ್ನುವ ದೊಡ್ಡ ಸಿಂಬಲ್ ಸದ್ದು ಇರಲೇ ಇಲ್ಲ. ಈ ಹಾಡುಗಳ ತಾಳ ಅಷ್ಟು ಚೊಕ್ಕ, ಅಷ್ಟು ಒಣಒಣ ಅನ್ನಿಸೋಕೆ ಅದೂ ಒಂದು ಕಾರಣ ಇರಬೇಕು. ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳುತ್ತದೆ, ನಡುವೆ ಗಾಳಿ ಆಡುತ್ತದೆ.

ಇಷ್ಟು ಕರಾರುವಾಕ್ಕಾದ ಯಂತ್ರದ ಮೇಲೆ ಯಾರ ದನಿ? ರೈಲು ನಿಲ್ದಾಣದ ಅನೌನ್ಸ್‌ಮೆಂಟ್ ಥರ ಗಂಭೀರವಾದ ಓಕಿಯ ದಪ್ಪ ದನಿ. ಪಕ್ಕದಲ್ಲಿ ಬಸ್ ಸ್ಟಾಪಿನಲ್ಲಿ ಮಾತಾಡುವಂಥ ಇಬ್ಬರು ಹುಡುಗಿಯರ ದನಿ. ಗಮಕ ಇಲ್ಲ, ಮೆರೆದಾಟ ಇಲ್ಲ. ಕೆಲವು ಕಡೆ ಸ್ವರ ಮುಟ್ಟುವ ಮೊದಲು ಒಂಚೂರು ಅನುಮಾನಿಸುತ್ತಾರೆ. ಯಂತ್ರ ಕಾಯುವುದಿಲ್ಲ, ಮುಂದೆ ಹೋಗುತ್ತದೆ. ಅವರು ಓಡಿ ಬಂದು ಹತ್ತಿಕೊಳ್ಳುತ್ತಾರೆ. ಹೊರಟ ಬಸ್ಸಿಗೆ ನಗುತ್ತಾ ಓಡಿ ಬಂದು ಹತ್ತುವವರ ಹಾಗೆ. ನನಗೆ ಈ ಆಲ್ಬಮ್‌ನ ಸಂತೋಷ ಇರುವುದು ಆ ಓಟದಲ್ಲಿ. ನುರಿತ ಗಾಯಕಿಯರು ಇದನ್ನೇ ಹಾಡಿದ್ದರೆ ಎಲ್ಲಾ ಸರಿ ಇರುತ್ತಿತ್ತು, ಮಜಾ ಇರುತ್ತಿರಲಿಲ್ಲ.

ಇದರಲ್ಲಿ ನನ್ನ ಸ್ವಂತದ್ದೂ ಸ್ವಲ್ಪ ಇದೆ. ಏಳನೇ ಕ್ಲಾಸಿನಲ್ಲಿ ಸ್ವಾತಂತ್ರ್ಯ ದಿನದ ಸಮೂಹಗಾನಕ್ಕೆ ಸೇರಿದ್ದೆ. ಮೇಷ್ಟ್ರು ಎರಡನೇ ದಿನ ಹತ್ತಿರ ಬಂದು, "ನೀನು ಬಾಯಿ ಆಡಿಸು ಸಾಕು, ದನಿ ತೆಗೀಬೇಡ" ಅಂದಿದ್ದರು. ಆಡಿಸಿದೆ. ಚಪ್ಪಾಳೆಯೂ ಬಂತು ಬಿಡಿ! ಅವತ್ತಿನಿಂದ ಬಾತ್‌ರೂಮಿನಲ್ಲೂ ಹಾಡಲು ಹಿಂಜರಿಯುತ್ತಿದ್ದವನು ಈ ಆಲ್ಬಮ್ಮಿನ ಜೊತೆ ಮಾತ್ರ ಜೋರಾಗಿ ಹಾಡುತ್ತೇನೆ. ಇದರಲ್ಲಿ ನನಗೂ ಜಾಗ ಇದೆ ಅನ್ನಿಸುತ್ತದೆ.

"ಯಂತ್ರದ ಸಂಗೀತಕ್ಕೆ ಜೀವ ಎಲ್ಲಿರತ್ತೆ" ಅಂದ ಗೆಳೆಯ. ನಾನು ಕೇಳಿದೆ, "ನೀನು ಹೋಗೋ ಕಛೇರಿಯಲ್ಲಿ ಶ್ರುತಿ ಹಿಡಿಯೋದು ಯಾರು?" ಎಲೆಕ್ಟ್ರಾನಿಕ್ ತಂಬೂರಿ ತಾನೇ. ಅದು ಅಲುಗದೆ ನಿಂತಿರುತ್ತದೆ, ಗಾಯಕರು ಅದರ ಸುತ್ತ ಆಡುತ್ತಾರೆ. ಉತ್ತರ ಕೊಡದೆ ಇನ್ನೊಂದು ಹಿಡಿ ಅವರೆಕಾಯಿ ಎಳೆದುಕೊಂಡ. ಈ ಜಗಳ ಹೊಸದೇನಲ್ಲ. 1982ರಲ್ಲಿ ಲಂಡನ್ನಿನಲ್ಲಿ ಸಂಗೀತಗಾರರ ಯೂನಿಯನ್ನಿನ ಒಂದು ಶಾಖೆ ಸಿಂತಸೈಜರ್, ಡ್ರಮ್ ಮೆಷಿನ್ ನಿಷೇಧಿಸಬೇಕು ಅಂತ ನಿರ್ಣಯವನ್ನೇ ಮಾಡಿತ್ತು. ಅವರ ಹೊಟ್ಟೆಪಾಡಿನ ಭಯ ನನಗೆ ಅರ್ಥವಾಗುತ್ತದೆ. ಅದು ಸುಳ್ಳು ಭಯವೂ ಆಗಿರಲಿಲ್ಲ.

ಅದು ಭಯದ ಕಾಲವೇ. 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್, ಲಿವರ್‌ಪೂಲಿನ ಟಾಕ್ಸ್‌ಟೆತ್ ಬಡಾವಣೆಗಳಲ್ಲಿ ಗಲಭೆಗಳಾದವು. ಮರುವರ್ಷ ಜನವರಿಗೆ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. ಶೆಫೀಲ್ಡಿನ ಉಕ್ಕಿನ ಕೆಲಸಗಳು ಹೋಗುತ್ತಿದ್ದವು. ಅಂಥ ಊರಿನಿಂದ ಇಂಥ ಹೊಳೆಯುವ ಆಲ್ಬಮ್ ಬಂತು. ಕವರ್ ಕೂಡ ಫ್ಯಾಷನ್ ಪತ್ರಿಕೆಯ ಮುಖಪುಟದ ಥರ ಬೆಳ್ಳಗೆ, ಲಿಪ್‌ಸ್ಟಿಕ್ ಹಚ್ಚಿದ ಮುಖಗಳು. ಸುಮ್ನೆ ಕುಣಿಸುವ ಹಾಡುಗಳು ಅಂದುಕೊಂಡರೆ ಮೋಸ. ಒಂದು ಹಾಡು ಕೆನಡಿ ಹತ್ಯೆಯ ಬಗ್ಗೆ. ಇನ್ನೊಂದು ಕತ್ತಲೆಯ ಹೆದರಿಕೆಯ ಬಗ್ಗೆ. ನಿಜ ಹೇಳಬೇಕೆಂದರೆ ನಡುವಿನ ಆ ಕತ್ತಲೆಯ ಭಾಗ ನನಗೆ ಸ್ವಲ್ಪ ಎಳೆದ ಹಾಗೆ. ಪೊಲೀಸ್ ಕಾಮಿಕ್ಸ್ ನಾಯಕನ ಮೇಲಿನ ಹಾಡನ್ನಂತೂ ಪ್ರತಿ ಸಲ ಹಾರಿಸುತ್ತೇನೆ.

ಅಂದಹಾಗೆ, ಅದೇ 1981ರಲ್ಲಿ ನಮ್ಮ ಕಡೆಯ ಒಬ್ಬರು ಇದೇ ಥರದ ಕೆಲಸ ಮಾಡಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗ ಬಿಡ್ಡು ಅಪ್ಪಯ್ಯ ಇಂಗ್ಲೆಂಡಿಗೆ ಹೋಗಿ ದೊಡ್ಡ ನಿರ್ಮಾಪಕರಾಗಿದ್ದರು. ಪಾಕಿಸ್ತಾನದ ಹದಿಹರೆಯದ ಹುಡುಗಿ ನಾಜಿಯಾ ಹಸನ್, ಅವಳ ತಮ್ಮ ಜೊಹೇಬ್, ಇವರಿಂದ ‘ಡಿಸ್ಕೋ ದೀವಾನೆ’ ಹಾಡಿಸಿದರು. ಅಲ್ಲೂ ಅದೇ ಮೋಡಿ, ಪಳಗದ ಎಳೆಯ ದನಿ. ಆ ಕ್ಯಾಸೆಟ್ ಬಗ್ಗೆ ಇನ್ನೊಂದು ದಿನ ಬರೀಬೇಕು.

‘ಡೇರ್’ನ ಕೊನೆಯ ಹಾಡಿಗೆ ಬರ್ತೀನಿ. ನೀವು ಕೇಳಿರುವುದು ಬಹುಶಃ ಅದೊಂದೇ, ‘ಡೋಂಟ್ ಯು ವಾಂಟ್ ಮಿ’. ಓಕಿಗೆ ಅದು ಇಷ್ಟವೇ ಇರಲಿಲ್ಲ. ಅದಕ್ಕೇ ಆಲ್ಬಮ್ಮಿನ ಕಟ್ಟಕಡೆಗೆ ತಳ್ಳಿದ್ದ. ಕಂಪನಿಯವರು ಅದನ್ನು ನಾಲ್ಕನೇ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ ಬಿಡುತ್ತೇವೆ ಅಂದಾಗ ಬೇಡವೇ ಬೇಡ ಅಂದ. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಜೊತೆಗೊಂದು ಪೋಸ್ಟರ್ ಕೊಡಬೇಕು, ಇಲ್ಲದಿದ್ದರೆ ದುಡ್ಡು ಕೊಟ್ಟವರಿಗೆ ಮೋಸವಾಗುತ್ತದೆ ಅಂತ! ಆ ಹಾಡು ಬ್ರಿಟನ್ನಿನ ಕ್ರಿಸ್‌ಮಸ್ ನಂಬರ್ ಒನ್ ಆಯಿತು. 1982ರಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನ.

ಹಾಡಿನಲ್ಲಿ ಗಂಡಸು ಮೊದಲು ಮಾತಾಡುತ್ತಾನೆ. ನೀನು ಬಾರಿನಲ್ಲಿ ಕೆಲಸ ಮಾಡುತ್ತಿದ್ದವಳು, ನಿನ್ನನ್ನು ಮೇಲೆ ತಂದವನು ನಾನು, ಬೇಕಿದ್ದರೆ ಕೆಳಗೂ ಇಳಿಸಬಲ್ಲೆ ಅಂತ ಗದರಿಸುತ್ತಾನೆ. ಎಲ್ಲರೂ ಮದುವೆ ಪಾರ್ಟಿಯಲ್ಲಿ ಇದಕ್ಕೆ ಕುಣಿಯುತ್ತಾರೆ, ಇರಲಿ. ಆಮೇಲೆ ಸೂಸನ್ ಬರುತ್ತಾಳೆ. ಹೌದು, ಅಲ್ಲಿ ಕೆಲಸ ಮಾಡುತ್ತಿದ್ದೆ, ಆದರೆ ನೀನಿರಲಿ ಬಿಡಲಿ ನಾನು ಬೆಳೆಯುತ್ತಿದ್ದೆ ಅನ್ನುತ್ತಾಳೆ. ಸಿಟ್ಟಿಲ್ಲ, ಅಳುವಿಲ್ಲ. ಹಾಲಿನವನಿಗೆ ಲೆಕ್ಕ ಹೇಳುವಷ್ಟು ತಣ್ಣಗೆ. ಕ್ಲಬ್ಬಿನಲ್ಲಿ ಸಿಕ್ಕ ಹುಡುಗಿ, ತನ್ನನ್ನು ಕರೆತಂದವನಿಗೇ ಇದನ್ನು ಹೇಳುತ್ತಿದ್ದಾಳೆ. ಅದು ಹೊಳೆದ ದಿನ ಹಾಡನ್ನು ನಾಲ್ಕು ಸಲ ಹಾಕಿದ್ದೆ.

ಮೊನ್ನೆ ಆ ಸಾಲು ಬಂದಾಗ ಅಷ್ಟು ಹೊತ್ತು ಸುಮ್ಮನಿದ್ದ ಅಮ್ಮ ತಲೆ ಎತ್ತಿ, "ಯಾರೋ ಇವಳು, ಪಕ್ಕದ್ಮನೆ ಹುಡುಗಿ ಹಾಡ್ದಂಗಿದೆ" ಅಂದರು. ಕ್ರೇಜಿ ಡೇಸಿಯ ಕಥೆ ಹೇಳಿದೆ.

"ಓದೋ ಹುಡುಗೀರನ್ನ ಅವರಪ್ಪ ಅಮ್ಮ ಹೆಂಗೆ ಕಳಿಸಿದ್ರು?"

ಓಕಿ ಮನೆಗೆ ಹೋಗಿ ದೊಡ್ಡವರ ಜೊತೆ ಮಾತಾಡಿ ಒಪ್ಪಿಸಿದ ಅಂದೆ. ಈಗಲೂ ಮೂವರೂ ಒಟ್ಟಿಗೇ ಹಾಡುತ್ತಾರೆ ಅಂದೆ.

"ಸದ್ಯ" ಅಂತ ಅಮ್ಮ ಸಿಪ್ಪೆಯನ್ನೆಲ್ಲ ಗೆಳೆಯನ ಕಡೆ ತಳ್ಳಿ, ಇನ್ನೊಂದ್ಸಲ ಹಾಕು ಅಂದರು.