ಕಡಿಮೆ ಸಾಯಿಸುವ ಗುಂಡಿಗೆ ಕೋಲಾರದ ಟೊಮ್ಯಾಟೊ

ಕಳೆದ ವಾರ ಚಿಕ್ಕಪ್ಪನ ಜೊತೆ ಕೋಲಾರದ ಎಪಿಎಂಸಿಗೆ ಹೋಗಿದ್ದೆ. ನಲವತ್ತು ಬಾಕ್ಸ್ ಟೊಮ್ಯಾಟೊ. ಹರಾಜಿನಲ್ಲಿ ಕೂಗಿದ ಬೆಲೆ ಟೆಂಪೊ ಬಾಡಿಗೆಗೂ ಸಾಲುತ್ತಿರಲಿಲ್ಲ. ರಸ್ತೆಗೆ ಸುರಿದು ಹೋಗೋಣ ಅಂತ ಎದ್ದವರನ್ನು ಟೀ ಅಂಗಡಿಯಲ್ಲಿ ಕೂರಿಸಿ, ಮೊಬೈಲ್‌ನಲ್ಲಿ ಓದುತ್ತಿದ್ದ ಒಂದು ವಿಷಯ ಹೇಳಿದೆ. ಗುಂಪು ಚದುರಿಸಲು ಪೊಲೀಸರು ಹೊಡೆಯುವ ರಬ್ಬರ್, ಪ್ಲಾಸ್ಟಿಕ್ ಗುಂಡುಗಳಿಗೆ ಮೊದಲು 'ನಾನ್-ಲೀಥಲ್' ಅನ್ನುತ್ತಿದ್ದರು. ಈಗ ಹಾಗನ್ನಬಾರದಂತೆ. 'ಲೆಸ್-ಲೀಥಲ್' ಅನ್ನಬೇಕಂತೆ.

"ಹಂಗಂದ್ರೆ?"

"ಮೊದಲಿನದು ಸಾಯಿಸಲ್ಲ ಅಂತ. ಈಗಿನದು ಕಡಿಮೆ ಸಾಯಿಸುತ್ತೆ ಅಂತ."

ಚಿಕ್ಕಪ್ಪ ಲೋಟ ಕೆಳಗಿಟ್ಟರು. "ಕಡಿಮೆ ಸಾಯೋದು ಹೆಂಗೋ? ಬೆಳಿಗ್ಗೆ ಸತ್ತು ಸಾಯಂಕಾಲ ಎದ್ದು ಬರೋದಾ?"

ವಿಷಯ ಸರಳ. ಸಾಯಿಸಲ್ಲ ಅಂತ ಹೆಸರಿಟ್ಟ ಗುಂಡಿಗೆ ಜನ ಸತ್ತರು. ಗುಂಡು ಸರಿ ಮಾಡೋದು ಕಷ್ಟ, ಹೆಸರು ಸರಿ ಮಾಡೋದು ಸುಲಭ. ಹಲವು ದೇಶಗಳ ವರದಿಗಳನ್ನು ಒಟ್ಟು ಮಾಡಿದ ವೈದ್ಯರ ಒಂದು ಅಧ್ಯಯನ 2017ರಲ್ಲಿ ಬಂತು. ಇಂಥ ಗುಂಡು ತಗುಲಿ ಗಾಯಗೊಂಡ 1,984 ಜನರಲ್ಲಿ 53 ಮಂದಿ ಸತ್ತಿದ್ದರು. 300 ಮಂದಿಗೆ ಶಾಶ್ವತ ಊನ. ಚಿಕ್ಕಪ್ಪ ಬೆರಳು ಮಡಚಿದರು. "ನೂರಕ್ಕೆ ಮೂರಕ್ಕಿಂತ ಒಂಚೂರು ಕಡಿಮೆ. ನಾವು ಬಾಕ್ಸಿನಲ್ಲಿ ಕೊಳೆತ ಹಣ್ಣಿನ ಲೆಕ್ಕ ಹಾಕೋದು ಹೀಗೇ."

ಈ ಗುಂಡಿನ ವಿನ್ಯಾಸದ ಚರಿತ್ರೆ ಓದಿದರೆ ನಗೋದೋ ಅಳೋದೋ ಗೊತ್ತಾಗಲ್ಲ. 1970ರಲ್ಲಿ ಬ್ರಿಟಿಷ್ ಸೇನೆ ಉತ್ತರ ಐರ್ಲೆಂಡಿಗೆ ರಬ್ಬರ್ ಗುಂಡು ತಂದಿತು. ನೆಲಕ್ಕೆ ಹೊಡೀಬೇಕು, ಅದು ಪುಟಿದು ಜನರ ಕಾಲಿಗೆ ತಾಗಬೇಕು ಅನ್ನೋದು ಲೆಕ್ಕ. ಓಣಿಯಲ್ಲಿ ರಬ್ಬರ್ ಚೆಂಡು ಆಡಿದ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ, ಪುಟಿದ ಚೆಂಡು ಪಕ್ಕದ ಮನೆ ಕಿಟಕಿಗೇ ಹೋಗೋದು ಅಂತ. ಆಮೇಲೆ ನೆಟ್ಟಗೆ ಹೋಗುವ ಪ್ಲಾಸ್ಟಿಕ್ ಗುಂಡು ಬಂತು. ಅದು ನೆಟ್ಟಗೇ ಹೋಯಿತು. ಎರಡೂ ಸೇರಿ ಅಲ್ಲಿ 17 ಜನರನ್ನು ಕೊಂದವು, ಅವರಲ್ಲಿ ಮಕ್ಕಳೂ ಇದ್ದರು.

ಅಮೆರಿಕದವರು ಇನ್ನೂ ಜಾಣರು. ಬಂದೂಕಿನಿಂದ ಹೊಡೆಯೋಕೆ ಸೀಸದ ಹರಳು ತುಂಬಿದ ಬಟ್ಟೆ ಚೀಲ ಹೊಲಿದರು. ಚೌಕದ ಚೀಲ, ಪುಟ್ಟ ದಿಂಬಿನ ಹಾಗೆ. ಅದು ಗಾಳಿಯಲ್ಲಿ ತಿರುಗಿ ಅಂಚಿನ ಕಡೆಯಿಂದ ಬಿದ್ದರೆ ಮೈಯೊಳಗೇ ಹೊಕ್ಕುಬಿಡುತ್ತಿತ್ತು. ಹಾಗಾಗಿ ಕಾಲುಚೀಲದ ಆಕಾರ ಮಾಡಿ ಬಾಲ ಕಟ್ಟಿದರು. ಬ್ರಿಟನ್ನಿನಲ್ಲಿ 2005ಕ್ಕೆ ಮೂತಿಯೊಳಗೆ ಟೊಳ್ಳು ಇರುವ ಗುಂಡು ಬಂತು. ಬಡಿದಾಗ ಮೂತಿ ಕುಸಿಯಬೇಕು, ಪೆಟ್ಟಿನ ಜೋರು ಅದರಲ್ಲೇ ಕರಗಬೇಕು.

"ಬಡಿದಾಗ ತಾನೇ ನಜ್ಜುಗುಜ್ಜಾಗಬೇಕು. ಅಂಚು ಇರಬಾರದು. ಪುಟಿಯಬಾರದು. ಇಷ್ಟೇ ತಾನೆ?" ಅಂದರು ಚಿಕ್ಕಪ್ಪ. ಬಾಕ್ಸಿನಿಂದ ಒಂದು ಹಣ್ಣು ತೆಗೆದು ಟೇಬಲ್ ಮೇಲಿಟ್ಟರು.

ನಾನು ಸುಮ್ನೆ ನೋಡಿದೆ. ಐವತ್ತು ವರ್ಷಗಳ ಸಂಶೋಧನೆ ಅಲ್ಲಿ ಕೆಂಪಗೆ ಕೂತಿತ್ತು. ಹೊಡೆಸಿಕೊಂಡವನ ಅಂಗಿ ಮೇಲೆ ಗುರುತೂ ಉಳಿಯುತ್ತೆ. ಆದರೆ ನಾಟಿ ಹಣ್ಣೇ ಆಗಬೇಕು. ದೂರದ ಊರುಗಳಿಗೆ ಲಾರಿಯಲ್ಲಿ ಕಳಿಸೋಕೆ ಅಂತ ಬೆಳೆಯುವ ಹೈಬ್ರಿಡ್ ಕಾಯಿಹಣ್ಣು ಹಾಕಿದರೆ ಅದು ಮತ್ತೆ ಪ್ಲಾಸ್ಟಿಕ್ ಗುಂಡೇ.

ಆದರೂ ಒಂದು ತೊಡಕಿದೆ, ಅದು ಟೊಮ್ಯಾಟೊಗೂ ತಪ್ಪಿದ್ದಲ್ಲ. ಗುಂಡು ದೂರಕ್ಕೆ ಗುರಿ ತಪ್ಪದೆ ಹೋಗಬೇಕು ಅಂದರೆ ವೇಗ ಬೇಕು. ಆ ವೇಗದ ಗುಂಡು ಹತ್ತಿರದವನಿಗೆ ಬಿದ್ದರೆ ಮೂಳೆ ಮುರಿಯುತ್ತೆ. ಹತ್ತಿರದವನಿಗೆ ಏನೂ ಆಗದ ಹಾಗೆ ನಿಧಾನ ಮಾಡಿದರೆ ದೂರದವನನ್ನು ತಲುಪೋದೇ ಇಲ್ಲ. ಜನ ಮಾತ್ರ ಟೇಪ್ ಹಿಡಿದು ಅಳತೆ ಮಾಡಿಕೊಂಡು ನಿಲ್ಲಲ್ಲ.

ಇನ್ನು ನಿಯಮ. ಸೊಂಟದ ಕೆಳಗೆ ಹೊಡೀಬೇಕು. ಒಳ್ಳೇ ನಿಯಮ. ಆದರೆ ದೊಡ್ಡವರ ಸೊಂಟ ಇರೋ ಎತ್ತರದಲ್ಲೇ ಚಿಕ್ಕ ಮಕ್ಕಳ ತಲೆ ಇರುತ್ತೆ, ಅಲ್ವಾ? 2016ರಲ್ಲಿ ಕಾಶ್ಮೀರದಲ್ಲಿ 32 ದಿನಗಳಲ್ಲಿ ಸುಮಾರು 13 ಲಕ್ಷ ಪೆಲೆಟ್ (ಬಂದೂಕಿನಿಂದ ಒಟ್ಟಿಗೆ ಚೆಲ್ಲುವ ಲೋಹದ ಪುಟ್ಟ ಗುಂಡು) ಹಾರಿಸಿದ್ದೇವೆ ಅಂತ ಸಿಆರ್‌ಪಿಎಫ್ ಅಲ್ಲಿನ ಹೈಕೋರ್ಟಿಗೆ ಲೆಕ್ಕ ಕೊಟ್ಟಿತು. ಓಡುವ, ಬಗ್ಗುವ ಜನರಿಗೆ ಗುರಿ ಇಡೋದು ಕಷ್ಟ ಅಂತಲೂ ಹೇಳಿತು. ನೂರಾರು ಜನರ ಕಣ್ಣಿಗೆ ಪೆಟ್ಟಾದ ಮೇಲೆ ಪೆಲೆಟ್ ಮೇಲಕ್ಕೆ ಹಾರದಂತೆ ತಡೆಯೋಕೆ ಬಂದೂಕಿನ ಬಾಯಿಗೆ ಡಿಫ್ಲೆಕ್ಟರ್ ಸಿಕ್ಕಿಸಿದರು. ಪ್ರಯೋಗಾಲಯದಲ್ಲಿ ಈ ಗುಂಡುಗಳನ್ನು ಮೈಮಾಂಸದ ಬದಲಿಗೆ ಇಟ್ಟ ಜೆಲಟಿನ್ ಗಡ್ಡೆಗೆ ಹೊಡೆದು ನೋಡುತ್ತಾರೆ. ಅದು ಓಡಲ್ಲ, ಬಗ್ಗಲ್ಲ. ಅದಕ್ಕೆ ಕಣ್ಣೂ ಇಲ್ಲ.

ಪೆಲೆಟ್‌ಗೆ ಬದಲು ಅಂತ ಅದೇ ವರ್ಷ 'ಪಾವಾ' ಶೆಲ್ ಬಂತು. ಮೆಣಸಿನಕಾಯಿಯ ಖಾರದಂಥ ರಾಸಾಯನಿಕ, ನಮ್ಮ ಲಖನೌ ಪ್ರಯೋಗಾಲಯದ್ದು. "ಟೊಮ್ಯಾಟೊ ನಮ್ದು, ಖಾರ ಅವರ್ದು" ಅಂದರು ಚಿಕ್ಕಪ್ಪ. "ಈರುಳ್ಳಿ ಒಂದಿದ್ರೆ ಗೊಜ್ಜು."

ರೈತರೂ ಕಮ್ಮಿ ಇಲ್ಲ. 2024ರ ಫೆಬ್ರವರಿಯಲ್ಲಿ ಪಂಜಾಬ್-ಹರಿಯಾಣ ನಡುವಿನ ಶಂಭು ಗಡಿಯಲ್ಲಿ ಹರಿಯಾಣ ಪೊಲೀಸರು ಡ್ರೋನ್‌ನಿಂದ ಅಶ್ರುವಾಯು ಶೆಲ್ ಉದುರಿಸಿದಾಗ, ಅವರು ಗಾಳಿಪಟ ಹಾರಿಸಿ ದಾರದಲ್ಲಿ ಡ್ರೋನ್ ಸಿಕ್ಕಿಸೋಕೆ ನೋಡಿದರು. ಒಂದು ಕಡೆ ಲಕ್ಷಾಂತರ ರೂಪಾಯಿ ಯಂತ್ರ, ಇನ್ನೊಂದು ಕಡೆ ಸಂಕ್ರಾಂತಿಯಲ್ಲಿ ಉಳಿದ ದಾರ. ಅವರು ಕೇಳಿದ್ದು ಬೆಳೆಗೆ ಬೆಂಬಲ ಬೆಲೆ. ಅದಕ್ಕೆ ಉತ್ತರ ಆಕಾಶದಿಂದ ಬಂತು.

ನಮ್ಮ ಕಡೆಗೂ ಗುಂಡು ಹೊಸದಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ, ಆಗ ಅದೂ ಕೋಲಾರ ಜಿಲ್ಲೆಯೇ, ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಹೊಡೆದರು. ಆ ಗುಂಡಿನ ಹಿಂದೆ 'ಲೆಸ್' ಅನ್ನೋ ಪದ ಇರಲಿಲ್ಲ.

ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ವ್ಯಾಪಾರಕ್ಕೆ ಬಂದರು.

"ಸರ್ಕಾರ ಟೆಂಡರ್ ಕರೆಯುತ್ತಾ?"

"ರೇಟ್ ನಿಲ್ಲಲ್ಲ ಚಿಕ್ಕಪ್ಪ. 2023ರ ಜುಲೈ ನೆನಪಿದೆಯಾ? 15 ಕೆ.ಜಿ. ಬಾಕ್ಸ್ 2,000 ದಾಟಿತ್ತು. ಆಗ ಹೊಡೆದಿದ್ರೆ ಗುಂಪು ಚದುರುತ್ತಿರಲಿಲ್ಲ, ಇನ್ನೂ ಜಾಸ್ತಿ ಸೇರುತ್ತಿತ್ತು. ಪೊಲೀಸರೂ ಆಯೋಕೆ ನಿಲ್ಲೋರು."

"ಅದು ಬಿಡು. ಹಂಗೇನಾದ್ರೂ ಕರೆದ್ರೆ ಒಂದು ಕಂಡಿಷನ್ ಹಾಕ್ಸು." ಅವರು ಎದ್ದು ಟೆಂಪೊ ಕಡೆ ನಡೆದರು. "ಹಣ್ಣು ಯಾರಿಗಾದ್ರೂ ಹೊಡ್ಕೊಳ್ಲಿ. ಬಾಕ್ಸ್ ವಾಪಸ್ ಬರ್ಬೇಕು."